ಹಿಂದಿನ ಸಂಬಳವೂ ಇಂದಿನ ಬೆಲೆಯೂ

"ಇದುವರೆಗೆ ನಿಮಗೆ ದೊರೆಯುತ್ತಿದ್ದ ಸಂಬಳವೆಷ್ಟು?" ಬೆಂಗಳೂರಿನ ಖಾಸಗಿ ಕಂಪೆನಿಗಳಿಗೆ ಸಂದರ್ಶನಕ್ಕೆ ಹೋಗುವ ತರುಣರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹೇಳಿದ ಅಂಕಿಯ ಮೇಲೆ ನೂರಕ್ಕೆ ಇಷ್ಟೆಂದು ಸೇರಿಸಿ ಹೊಸ ಸಂಬಳವನ್ನು ಗೊತ್ತುಮಾಡುವುದು ಬಹುಮಟ್ಟಿಗೆ ರೂಢಿಯಾಗಿದೆ. ಮೊದಲನೆಯ ನೌಕರಿಯನ್ನು ಕಷ್ಟಕಾಲದಲ್ಲಿ ಅಗ್ಗವಾಗಿ ಒಪ್ಪಿಕೊಂಡವನು ಅದರ ಫಲವನ್ನು ಮುಂದೆಯೂ ಉಣ್ಣಬೇಕು. ಮಕ್ಕಳಿಗಾಗಿ ಕೆಲಕಾಲ ಮನೆಯಲ್ಲಿದ್ದು ಮರಳಿದ ಸ್ತ್ರೀಯ ಪಾಡಂತೂ ಹೇಳತೀರದು. ಮಾಡತಕ್ಕ ಕೆಲಸಕ್ಕೆ ಬೆಲೆ ಕಟ್ಟುವುದನ್ನು ಬಿಟ್ಟು ಮಾಡುವವರ ಹಿಂದಿನ ಅವಸ್ಥೆಗೆ ಬೆಲೆ ಕಟ್ಟುವ ಈ ರೀತಿಯನ್ನು ನಾವು ನ್ಯಾಯವೆಂದು ಎಣಿಸಲಾರೆವು.

ಸರಕಾರಿ ನೌಕರಿಯಲ್ಲಿ ಈ ತೊಡಕಿಲ್ಲ. ಕರ್ನಾಟಕ ಲೋಕಸೇವಾ ಆಯೋಗದ ಪ್ರಕಟನೆಯಲ್ಲಿ ಹುದ್ದೆಯೊಡನೆ ವೇತನಶ್ರೇಣಿಯೂ ಅಚ್ಚಾಗಿರುತ್ತದೆ. 2024ರ ಆಗಸ್ಟ್ 1ರಿಂದ ರಾಜ್ಯ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿದುದನ್ನು ಜವಾನನೂ ಬಲ್ಲ, ಕಾರ್ಯದರ್ಶಿಯೂ ಬಲ್ಲ. ಖಾಸಗಿ ಜಾಹೀರಾತುಗಳಲ್ಲಾದರೋ "ಯೋಗ್ಯತೆಗೆ ತಕ್ಕ ವೇತನ"ವೆಂಬ ಮಂತ್ರ! ಯೋಗ್ಯತೆಯನ್ನು ಅಳೆಯುವ ಸೇರು ಯಾರ ಕೈಯಲ್ಲಿದೆಯೆಂಬುದನ್ನು ಮಾತ್ರ ಅಲ್ಲಿ ಬರೆದಿರುವುದಿಲ್ಲ.

ಆದುದರಿಂದ ಉದ್ಯೋಗಾರ್ಥಿಯು ತನ್ನ ಲೆಕ್ಕವನ್ನು ತಾನೇ ಹಾಕಿಕೊಂಡು ಹೋಗತಕ್ಕದ್ದು. ಅದೇ ಊರಿನಲ್ಲಿ, ಅದೇ ಕೆಲಸದಲ್ಲಿ, ಅಷ್ಟೇ ಅನುಭವವುಳ್ಳ ನಾಲ್ಕಾರು ಮಂದಿಯನ್ನು ಕೇಳಿ ತಿಳಿಯಲಿ. ಸಂಬಳ ಕೇಳಬಾರದೆಂಬ ನಮ್ಮವರ ಸಂಕೋಚದಿಂದ ಲಾಭವಾಗುವುದು ಮಾಲಿಕರಿಗೆ. ಅನಂತರ ಕೊಡುವೆವೆಂದ ಮೊತ್ತವನ್ನು ಬಿಡಿಸಿ ನೋಡಲಿ. "ಸಿ.ಟಿ.ಸಿ. ವರ್ಷಕ್ಕೆ 12 ಲಕ್ಷ" ಎಂದೊಡನೆ ತಿಂಗಳಿಗೆ ಲಕ್ಷ ಬಂದೀತೆಂದು ಹಿಗ್ಗುವುದು ಸಹಜ. ಅದರಲ್ಲಿ ಮೂಲವೇತನ 6 ಲಕ್ಷ, ವರ್ಷಾಂತ್ಯದಲ್ಲಿ ಕೆಲಸ ನೋಡಿ ಕೊಡುವ ಭಾಗ 1,20,000 ಎಂದಿಟ್ಟುಕೊಳ್ಳೋಣ. ಪೂರ್ಣ ಮೂಲವೇತನದ ಮೇಲೆ ನೂರಕ್ಕೆ 12ರಂತೆ ಮಾಲಿಕರ ಪಾಲಿನ ಭವಿಷ್ಯನಿಧಿ 72,000. ಗ್ರಾಚ್ಯುಯಿಟಿಗೆಂದು ಹಿಡಿಯುವುದು ಸುಮಾರು 28,800. ಇವೆಲ್ಲವೂ ಆ 12 ಲಕ್ಷದೊಳಗೇ ಅಡಗಿವೆ. ನೌಕರನ ಪಾಲಿನ ಭವಿಷ್ಯನಿಧಿಯನ್ನೂ ಕಳೆದರೆ ತಿಂಗಳಿಗೆ ಉಳಿಯುವುದು, ತೆರಿಗೆಗೆ ಮುಂಚೆಯೇ, ಸುಮಾರು 75,600. ಭವಿಷ್ಯನಿಧಿ ತನ್ನದೇ ಹಣ, ದಿಟ. ಗ್ರಾಚ್ಯುಯಿಟಿಯಾದರೋ ಕಾಯಂ ನೌಕರನು ಸಾಮಾನ್ಯವಾಗಿ ಐದು ವರ್ಷ ನಿಂತರೆ ಮಾತ್ರ ಬರತಕ್ಕದ್ದು. ಇಂದಿನ ಬೆಂಗಳೂರಿನಲ್ಲಿ ಅಷ್ಟು ಕಾಲ ಒಂದೇ ಕಡೆ ನಿಲ್ಲುವವರೆಷ್ಟು ಮಂದಿ?

ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯವು, ಸಂಬಳ ಗೊತ್ತಾಗುವ ಮೊದಲು ಅರ್ಜಿದಾರನ ಹಿಂದಿನ ಸಂಬಳವನ್ನು ಕೇಳಕೂಡದೆಂದು 2016ರಲ್ಲಿ ಶಾಸನ ಮಾಡಿತು. 2018ರಲ್ಲಿ ಅದು ಜಾರಿಗೆ ಬಂದಿತು. ಐರೋಪ್ಯ ಒಕ್ಕೂಟದ 2023ರ ನಿರ್ದೇಶವು ಇದನ್ನೇ ವಿಧಿಸಿ, ಆರಂಭದ ಸಂಬಳವನ್ನು ಮುಂಚಿತವಾಗಿ ತಿಳಿಸಬೇಕೆಂದೂ ಹೇಳಿದೆ. ನಮ್ಮ 2019ರ ವೇತನ ಸಂಹಿತೆಯು ಸಂಬಳದಲ್ಲಿ ಹೆಣ್ಣುಗಂಡೆಂಬ ಭೇದವನ್ನು ನಿಷೇಧಿಸಿತು. ಹಿಂದಿನ ಸಂಬಳದ ಪ್ರಶ್ನೆಯನ್ನು ಮುಟ್ಟಲಿಲ್ಲ. ಶಾಸನ ಬರುವಾಗ ಬರಲಿ. ಜಾಹೀರಾತಿನಲ್ಲಿ ವೇತನಶ್ರೇಣಿಯನ್ನು ಅಚ್ಚುಮಾಡಿಸಲು ಬೆಂಗಳೂರಿನ ಕಂಪೆನಿಗಳಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.