ಷೇರಿನ ಅಸಲು

ನಮ್ಮ ಸೋದರಮಾವ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡತಕ್ಕವರು. ಕೊಂಡ ಬೆಲೆಗೆ ಹಮಾಲಿ, ಲಾರಿ ಬಾಡಿಗೆ, ಒಣಗಿ ಇಳಿದ ತೂಕ ಎಲ್ಲವನ್ನೂ ಸೇರಿಸಿ, ಎಷ್ಟಕ್ಕೆ ಮಾರಿದರೆ ಅಸಲು ಗಿಟ್ಟೀತೆಂಬುದನ್ನು ಬಾಯಲ್ಲೇ ಹೇಳಬಲ್ಲರು. ಇಂತಹವರು ಷೇರಿನ ಲೆಕ್ಕದಲ್ಲಿ ಎಡವಿದರೆಂದರೆ ನಂಬುವುದು ಕಷ್ಟ. ಕಳೆದ ಬೇಸಗೆಯಲ್ಲಿ ಎಡವಿದರು. ಹಣವೋ, ಮಗಳ ಹಾಸ್ಟೆಲಿಗೆಂದು ಎತ್ತಿಟ್ಟದ್ದು.

ನಡೆದದ್ದು ಇಷ್ಟು. ದಲ್ಲಾಳಿಗೆ ಫೋನು ಮಾಡಿ ಒಂದು ಕಂಪನಿಯ 40 ಷೇರುಗಳನ್ನು ತಲಾ 250 ರೂಪಾಯಿಯಂತೆ ಕೊಂಡರು. ಬೆಲೆ 200ಕ್ಕೆ ಇಳಿದಾಗ ಇನ್ನು 10 ಕೊಂಡರು. 250ಕ್ಕೂ 200ಕ್ಕೂ ನಡುವೆ 225. ಅದೇ ತಮ್ಮ ಸರಾಸರಿ ಎಂದು ಭಾವಿಸಿ, ಬೆಲೆ 235 ಆದೊಡನೆ ಐವತ್ತನ್ನೂ ಮಾರಿ, “ಐನೂರು ರೂಪಾಯಿ ಲಾಭ ಬಂತು ಕಣೋ” ಎಂದರು.

ನಾನು ಕಾಗದ ತೆಗೆದುಕೊಂಡು ಕುಳಿತೆ. ಸರಾಸರಿಯೆಂದರೆ ಎರಡು ಬೆಲೆಗಳ ನಡುವಣ ಸಂಖ್ಯೆಯಲ್ಲ. ಕೊಟ್ಟ ಒಟ್ಟು ಹಣವನ್ನು ಒಟ್ಟು ಷೇರುಗಳಿಂದ ಭಾಗಿಸಿದರೆ ಬರುವುದು. ಮೊದಲ ಸಲ 10,000, ಎರಡನೆಯ ಸಲ 2,000. 12,000ವನ್ನು 50ರಿಂದ ಭಾಗಿಸಿದರೆ 240. ನಲವತ್ತು ಚೀಲದ ಬೆಲೆಗೂ ಹತ್ತು ಚೀಲದ ಬೆಲೆಗೂ ಒಂದೇ ತೂಕ ಕೊಡಲಾದೀತೆ?

ಇನ್ನು ಹಮಾಲಿಯ ಮಾತು. ಮಾವನ ದಲ್ಲಾಳಿ ನೂರಕ್ಕೆ ಐವತ್ತು ಪೈಸೆ ದಲ್ಲಾಳಿ ಹಿಡಿಯುತ್ತಾನೆ. ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. 2004ರಲ್ಲಿ ಬಂದ ಷೇರು ವಹಿವಾಟಿನ ತೆರಿಗೆ, ಹೀಗೆ ಕೊಂಡಿಟ್ಟುಕೊಳ್ಳುವ ಷೇರುಗಳಿಗೆ, ಕೊಳ್ಳುವಾಗಲೂ ಮಾರುವಾಗಲೂ ನೂರಕ್ಕೆ ಹತ್ತು ಪೈಸೆ. ಕೊಳ್ಳುವಾಗ ಮಾತ್ರ ಮುದ್ರಾಂಕ ಶುಲ್ಕ, ನೂರಕ್ಕೆ ಒಂದೂವರೆ ಪೈಸೆ. ಇವೆಲ್ಲ ಸೇರಿ ಕೊಂಡ ಖರ್ಚು 84 ರೂಪಾಯಿ 60 ಪೈಸೆ. ಷೇರು ಪೇಟೆಯ ಶುಲ್ಕ ಕೆಲವೇ ಪೈಸೆಯಾದುದರಿಂದ ಬಿಟ್ಟಿದ್ದೇನೆ. ಆಗ ಅಸಲು 12,084 ರೂಪಾಯಿ 60 ಪೈಸೆ. ಮಾರುವಾಗ ಮತ್ತೆ ನೂರಕ್ಕೆ 69 ಪೈಸೆ, ಡೀಮ್ಯಾಟ್ ಖಾತೆಯ ಶುಲ್ಕ 20 ರೂಪಾಯಿ. ಆದುದರಿಂದ 12,104.60ನ್ನು 0.9931ರಿಂದ ಭಾಗಿಸಿ, ಬಂದದ್ದನ್ನು 50ರಿಂದ ಭಾಗಿಸಬೇಕು. ಸುಮಾರು 243 ರೂಪಾಯಿ 80 ಪೈಸೆ. ಇದೇ ಅಸಲು ಗಿಟ್ಟುವ ಬೆಲೆ.

235ಕ್ಕೆ ಮಾರಿದ್ದರಿಂದ ಕೈಗೆ ಬಂದದ್ದು 11,649. ನಷ್ಟ 436 ರೂಪಾಯಿ. ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇಳಿದಾಗ ಇನ್ನೂ ಜಾಸ್ತಿ ಕೊಂಡು ಸರಾಸರಿ ಇಳಿಸಬೇಕಾಗಿತ್ತು, ಅಲ್ವೇನೋ?” ಎಂದರು.

ಈ ಪ್ರಶ್ನೆಯೇ ಅಪಾಯದ್ದು. ಬೆಲೆ 200 ಇದ್ದಾಗ 40 ಷೇರುಗಳ ಮೇಲೆ ತಲಾ 50ರಂತೆ ನಷ್ಟ 2,000. ಇನ್ನು ಹತ್ತು ಕೊಂಡ ಮೇಲೆ ಸರಾಸರಿ 240ಕ್ಕೆ ಇಳಿಯಿತು, ನಿಜ. ಆದರೆ 50 ಷೇರುಗಳ ಮೇಲೆ ತಲಾ 40ರಂತೆ ನಷ್ಟ ಅದೇ 2,000! ಕೊಂಡ ಮಾತ್ರಕ್ಕೆ ಒಂದು ರೂಪಾಯಿಯೂ ಮರಳಲಿಲ್ಲ. ಬೆಲೆ ಏರಿದರೆ ಅಸಲು ಬೇಗ ಗಿಟ್ಟೀತು. ಇನ್ನೂ ಒಂದು ರೂಪಾಯಿ ಇಳಿದರೆ ಮೊದಲು 40 ಹೋಗುತ್ತಿದ್ದ ಕಡೆ ಈಗ 50 ಹೋಗುತ್ತದೆ. “ಮಾವ, ಹುಳು ಬಿದ್ದ ಕೊಬ್ಬರಿಯನ್ನು ಅಗ್ಗವೆಂದು ಇನ್ನೂ ನಾಲ್ಕು ಚೀಲ ಕೊಳ್ಳುತ್ತೀರಾ?” ಎಂದು ಕೇಳಿದೆ. ನಕ್ಕರು, ಆದರೆ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಒಂದು ಎಚ್ಚರಿಕೆ ಉಳಿಯಿತು. ವರಮಾನ ತೆರಿಗೆಯವರು ಈ ಸರಾಸರಿಯನ್ನು ಒಪ್ಪುವುದಿಲ್ಲ. ಡೀಮ್ಯಾಟ್ ಖಾತೆಯಿಂದ ಮಾರಿದ ಷೇರುಗಳಲ್ಲಿ ಮೊದಲು ಕೊಂಡದ್ದೇ ಮೊದಲು ಹೋಯಿತೆಂದು ಅವರ ಎಣಿಕೆ. ಮಾವ ಹತ್ತನ್ನೇ ಮಾರಿದ್ದರೂ, ಅವು 250 ಕೊಟ್ಟು ಕೊಂಡ ಹತ್ತೆಂದೇ ಲೆಕ್ಕವಾಗುತ್ತಿತ್ತು.