ಕಡಲಿನಲ್ಲಿ ಮಡಿದವರ ವೀರಗಲ್ಲು

ರಣದಲ್ಲಿ ಬಿದ್ದ ಯೋಧನಿಗೆ ಕಲ್ಲು ನಿಲ್ಲಿಸುವುದು ಕನ್ನಡನಾಡಿನ ಪ್ರಾಚೀನ ಸಂಪ್ರದಾಯ. ಬಾದಾಮಿ, ಹುನಗುಂದ, ಗುಡೂರುಗಳ ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದರೆ ಸಮುದ್ರದಲ್ಲಿ ಮುಳುಗಿದವನಿಗೆ ಕಲ್ಲನ್ನು ನೆಡುವುದೆಲ್ಲಿ?

ಕಾರವಾರದ ಸಮೀಪದಲ್ಲಿ ಅಂಜದೀವವೆಂಬ ಕಿರುದ್ವೀಪವೊಂದುಂಟು. ಗೋವೆಯ ವಿಮೋಚನೆಯ ಸಂದರ್ಭದಲ್ಲಿ, 1961ರ ಡಿಸೆಂಬರ್ 18ರಂದು, ‘ತ್ರಿಶೂಲ’ ನೌಕೆಯಿಂದ ಹೊರಟ ನಾವಿಕರು ಪೋರ್ಚುಗೀಸರ ಗುಂಡುಗಳಿಗೆ ಎದುರಾಗಿ ಅದರ ದಡವನ್ನೇರಿದರು. ದ್ವೀಪವೇನೋ ಕೈಸೇರಿತು; ಏಳು ಮಂದಿ ನಾವಿಕರು ಹಿಂದಿರುಗಲಿಲ್ಲ. ಅವರ ಸ್ಮಾರಕ ಆ ದ್ವೀಪದಲ್ಲಿಯೇ ಇದೆ. ಇವರಿಗೆ ಅಂಗೈಯಗಲ ನೆಲವಾದರೂ ದೊರೆಯಿತೆನ್ನಬೇಕು.

‘ಖುಕ್ರಿ’ಯವರಿಗೆ ಅದೂ ಇಲ್ಲ. 1971ರ ಡಿಸೆಂಬರ್ 9ರ ರಾತ್ರಿ ಈ ಯುದ್ಧನೌಕೆ ದೀವಿನಾಚೆಯ ಕಡಲಿನಲ್ಲಿ ಪಾಕಿಸ್ತಾನದ ‘ಹಂಗೋರ್’ ಎಂಬ ಜಲಾಂತರ್ಗಾಮಿಯನ್ನು ಅರಸುತ್ತಿತ್ತು. ನೀರೊಳಗಿನ ಶತ್ರು ಕಣ್ಣಿಗೆ ಕಾಣಿಸುವುದಿಲ್ಲ. ಶಬ್ದವನ್ನು ಕಳುಹಿಸಿ, ಮರಳಿಬರುವ ಪ್ರತಿಧ್ವನಿಯನ್ನು ಆಲಿಸಿ ಅದರ ನೆಲೆಯನ್ನು ಊಹಿಸಬೇಕು. ನೌಕೆ ವೇಗವಾಗಿ ಸಾಗಿದರೆ ಅದರದೇ ಸದ್ದು ಆ ಸೂಕ್ಷ್ಮ ದನಿಯನ್ನು ನುಂಗಿಬಿಡುತ್ತದೆ. ಅಂತಹದೊಂದು ಹೊಸ ಉಪಕರಣದ ಪರೀಕ್ಷೆಗಾಗಿ ‘ಖುಕ್ರಿ’ ಮೆಲ್ಲಗೆ ಚಲಿಸುತ್ತಿತ್ತೆಂದು ಆ ಯುದ್ಧದ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಕೇಳಿಸಿಕೊಳ್ಳಲು ನಿಧಾನಿಸಿದ ನೌಕೆಯೇ ಸುಲಭವಾದ ಗುರಿಯೂ ಆಗುವುದೆಂಬುದು ಎಂತಹ ಕ್ರೂರ ವಿಪರ್ಯಾಸ! ಟಾರ್ಪೆಡೊ ತಾಗಿದ ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಅದರೊಡನೆ ಹೋದರು. ನಾಯಕ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ತಮ್ಮ ಜೀವರಕ್ಷಕ ಅಂಗಿಯನ್ನು ನಾವಿಕನೊಬ್ಬನಿಗೆ ಕೊಟ್ಟು, ಇತರರನ್ನು ನೀರಿಗಿಳಿಸುತ್ತ, ತಾವು ಹಡಗಿನಲ್ಲಿಯೇ ಉಳಿದರು.

ಅವರಿಗೆ ಮರಣಾನಂತರ ಮಹಾವೀರ ಚಕ್ರ ಸಂದಿತು. 1950ರ ಜನವರಿ 26ರಂದು ಸ್ಥಾಪಿತವಾದ ಈ ಪದಕವನ್ನು ನೆಲ, ಜಲ, ಆಕಾಶಗಳಲ್ಲಿ ಶತ್ರುವಿನ ಸಮ್ಮುಖದಲ್ಲಿ ತೋರಿದ ಶೌರ್ಯಕ್ಕಾಗಿ ಕೊಡುತ್ತಾರೆ. ಇದಕ್ಕಿಂತ ಮಿಗಿಲಾದುದು ಪರಮವೀರ ಚಕ್ರವೊಂದೇ, ಅದು ನೌಕಾದಳದವರಾರಿಗೂ ಇದುವರೆಗೆ ದೊರೆತಿಲ್ಲ. ಪದಕವೆಂಬುದು ಸಾಕ್ಷಿಯನ್ನು ಬೇಡುತ್ತದೆ. ಯಾರು ಏನು ಮಾಡಿದನೆಂಬುದನ್ನು ಕಂಡವರು ಹೇಳಬೇಕು. ಯಂತ್ರಗಳ ಕೋಣೆಯಲ್ಲಿ, ಒಡಲೊಳಗಿನ ಕತ್ತಲಿನಲ್ಲಿ ಮಡಿದವನ ಸಾಹಸವನ್ನು ಕಂಡವರೂ ಅವನೊಡನೆಯೇ ಮುಳುಗಿರುತ್ತಾರೆ. ಆದುದರಿಂದ ಪದಕಗಳ ಪಟ್ಟಿಯನ್ನು ನೋಡಿ ಧೈರ್ಯವನ್ನು ಅಳೆಯುವುದು ಸರಿಯಲ್ಲವೆಂದು ನನಗೆ ತೋರುತ್ತದೆ.

ದೀವಿನ ದಡದಲ್ಲಿ ಇವರೆಲ್ಲರಿಗೂ ಸೇರಿ ಒಂದೇ ಸ್ಮಾರಕವಿದೆ: ಗಾಜಿನ ಮನೆಯೊಳಗೆ ‘ಖುಕ್ರಿ’ಯ ಪುಟ್ಟ ಪ್ರತಿಕೃತಿ, ಮುಖ ಕಡಲಿನ ಕಡೆಗೆ. ನೌಕಾದಳದವರಲ್ಲಿ ಇನ್ನೊಂದು ರೂಢಿಯುಂಟು, ಮುಳುಗಿದ ಹಡಗಿನ ಹೆಸರನ್ನು ಹೊಸದಕ್ಕೆ ಇಡುವುದು. ನಾವು ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದಿಲ್ಲವೆ, ಹಾಗೆ. ಎರಡನೆಯ ‘ಖುಕ್ರಿ’ 1989ರಲ್ಲಿ ಸೇವೆಗೆ ಸೇರಿ, 2021ರ ಡಿಸೆಂಬರಿನವರೆಗೆ ಕಡಲನ್ನು ಕಾಯಿತು.