ಸ್ವಂತ ಕಾರ್ಖಾನೆಯಲ್ಲೇ ಸಿ.ಎನ್.ಸಿ. ಯಂತ್ರ: ರಚನೆ, ವಿದ್ಯುತ್ ಜೋಡಣೆ ಮತ್ತು ಲೆಕ್ಕಾಚಾರ

ಮರದ ಕೆತ್ತನೆ, ಅಕ್ರಿಲಿಕ್ ನಾಮಫಲಕ, ಪೀಠೋಪಕರಣದ ಬಿಡಿಭಾಗ ಮುಂತಾದವುಗಳನ್ನು ತಯಾರಿಸುವ ಸಣ್ಣ ಉದ್ಯಮಗಳಿಗೆ ಗಣಕ ನಿಯಂತ್ರಿತ ಯಂತ್ರ, ಅಂದರೆ ಸಿ.ಎನ್.ಸಿ. ರೌಟರ್, ಈಗ ಕೈಗೆಟುಕದ ವಸ್ತುವಲ್ಲ. ಸಿದ್ಧ ಯಂತ್ರವನ್ನು ಕೊಳ್ಳುವುದು ಒಂದು ಮಾರ್ಗ. ಬಿಡಿಭಾಗಗಳನ್ನು ತರಿಸಿ ಸ್ವಂತ ಕಾರ್ಖಾನೆಯಲ್ಲೇ ಜೋಡಿಸಿಕೊಳ್ಳುವುದು ಇನ್ನೊಂದು. ಎರಡನೆಯ ಮಾರ್ಗ ಅಗ್ಗವೆಂಬ ಭಾವನೆ ವ್ಯಾಪಕವಾಗಿದೆ. ಅದು ನಿಜವಾಗಿಯೂ ಅಗ್ಗವಾಗುವುದು ಯಾವಾಗ, ಎಲ್ಲಿ ಉಳಿತಾಯ ಮಾಡಬಹುದು, ಎಲ್ಲಿ ಮಾಡಬಾರದು ಎಂಬುದನ್ನು ಉದ್ಯಮಿಗಳು ಮೊದಲೇ ಅರಿತಿರಬೇಕು.

1952ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರದ ಪ್ರದರ್ಶನ ನಡೆದಾಗ, ಅದರ ನಿಯಂತ್ರಣ ವ್ಯವಸ್ಥೆಯೇ ಬೃಹದಾಕಾರದ್ದಾಗಿತ್ತು. ಇಂದು ‘ಲಿನಕ್ಸ್ ಸಿ.ಎನ್.ಸಿ.’ ಮತ್ತು ‘ಗ್ರಬಲ್’ ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಮೊದಲನೆಯದಕ್ಕೆ ಒಂದು ಸಾಮಾನ್ಯ ಗಣಕ ಸಾಕು. ಎರಡನೆಯದು ಅಂಗೈಯಗಲದ ಆರ್ಡುಯಿನೋ ಫಲಕದ ಮೇಲೆಯೇ ನಡೆಯುತ್ತದೆ. ಹೀಗಾಗಿ ಯಂತ್ರದ ‘ಮೆದುಳು’ ಅಗ್ಗವಾಗಿದೆ. ಆದರೆ ಅದರ ‘ಮೂಳೆ’ ಅಗ್ಗವಾಗಿಲ್ಲ. ಇಲ್ಲಿ ಉದಾಹರಣೆಗಾಗಿ 600 ಮಿ.ಮೀ. ಅಗಲ, 900 ಮಿ.ಮೀ. ಉದ್ದದ ಹಾಸು ಇರುವ, ಮೂರು ಅಕ್ಷಗಳ ರೌಟರ್ ಒಂದನ್ನು ಪರಿಶೀಲಿಸಲಾಗಿದೆ.

ಚೌಕಟ್ಟು ಮತ್ತು ಲೀನಿಯರ್ ರೈಲು

ಸ್ಪಿಂಡಲನ್ನು ಹೊತ್ತ ಭಾಗವು ನೇರವಾಗಿ, ಅಲುಗಾಡದೆ ಚಲಿಸುವಂತೆ ಮಾಡುವುದೇ ಲೀನಿಯರ್ ರೈಲಿನ ಕೆಲಸ. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ದುಂಡು ಸರಳು ಮೊದಲನೆಯದು. ಉದ್ದಕ್ಕೂ ಅಲ್ಯೂಮಿನಿಯಂ ಆಧಾರವಿರುವ ದುಂಡು ಸರಳು ಎರಡನೆಯದು. ಚೌಕಾಕಾರದ ಉಕ್ಕಿನ ಹಳಿಯ ಮೇಲೆ ಗುಂಡುಗಳಿರುವ ಬ್ಲಾಕ್ ಜಾರುವಂಥದು ಮೂರನೆಯದು.

ಬೆಲೆಯಲ್ಲಿ ಮೊದಲನೆಯದೇ ಕಡಿಮೆ. ಆದರೆ ತುದಿಗಳಲ್ಲಿ ಮಾತ್ರ ಆಧಾರವಿರುವ ಸರಳಿನ ಉದ್ದ ಎರಡರಷ್ಟಾದರೆ, ಅದೇ ಭಾರಕ್ಕೆ ಅದರ ಬಾಗು ಎಂಟರಷ್ಟಾಗುತ್ತದೆ. 300 ಮಿ.ಮೀ. ಉದ್ದದಲ್ಲಿ ಗಮನಕ್ಕೆ ಬಾರದ ಬಾಗು 900 ಮಿ.ಮೀ. ಉದ್ದದಲ್ಲಿ 27 ಪಟ್ಟಾಗುವುದರಿಂದ, ಕೆತ್ತನೆಯ ಆಳ ಮಧ್ಯದಲ್ಲೊಂದು, ಅಂಚಿನಲ್ಲೊಂದು ಆಗುತ್ತದೆ. ಆದುದರಿಂದ ಈ ಅಳತೆಯ ಯಂತ್ರಕ್ಕೆ ಚೌಕ ಹಳಿಯೇ ಸೂಕ್ತ.

ಉತ್ತಮ ಹಳಿಯನ್ನು ಕೊಂಡಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಳಿಯು ತಾನು ಕುಳಿತ ಮೇಲ್ಮೈಯ ಆಕಾರವನ್ನೇ ತಾಳುತ್ತದೆ. ಕಬ್ಬಿಣದ ಚೌಕ ಕೊಳವೆಗಳನ್ನು ವೆಲ್ಡಿಂಗ್ ಮಾಡಿದಾಗ ಶಾಖದಿಂದ ಅವು ತಿರುಚಿಕೊಳ್ಳುತ್ತವೆ. ಆದುದರಿಂದ ವೆಲ್ಡಿಂಗ್ ಎಲ್ಲವೂ ಮುಗಿದ ನಂತರವೇ ಹಳಿ ಕೂರುವ ಮೇಲ್ಮೈಗಳನ್ನು ಹೊರಗಿನ ಮಿಲ್ಲಿಂಗ್ ಘಟಕದಲ್ಲಿ ಒಂದೇ ಮಟ್ಟಕ್ಕೆ ಕೊರೆಯಿಸಬೇಕು. ಈ ಖರ್ಚನ್ನು ಉಳಿಸಲು ಹೋದವರು ಮುಂದೆ ಷಿಮ್ ತಗಡುಗಳನ್ನು ತುರುಕುತ್ತ ವಾರಗಟ್ಟಲೆ ಕಳೆಯಬೇಕಾಗುತ್ತದೆ.

ಜೋಡಣೆಯಲ್ಲೂ ಕ್ರಮವಿದೆ. ಮೊದಲ ಹಳಿಯನ್ನು ನೇರ ಅಂಚಿಗೆ ಹೊಂದಿಸಿ ಬಿಗಿಮಾಡಬೇಕು. ಎರಡನೆಯದನ್ನು ಸಡಿಲವಾಗಿರಿಸಿ, ಮೊದಲ ಹಳಿಯ ಬ್ಲಾಕಿಗೆ ಡಯಲ್ ಗೇಜ್ ಅಳವಡಿಸಿ, ಉದ್ದಕ್ಕೂ ಅಂತರ ಪರೀಕ್ಷಿಸುತ್ತ ಒಂದೊಂದೇ ಬೋಲ್ಟನ್ನು ಬಿಗಿಮಾಡಬೇಕು. ಎರಡು ಹಳಿಗಳು ಸಮಾನಾಂತರವಾಗಿಲ್ಲದಿದ್ದರೆ ಬ್ಲಾಕು ಒಂದೆಡೆ ಸಲೀಸಾಗಿ, ಇನ್ನೊಂದೆಡೆ ಬಿಗಿಯಾಗಿ ಸರಿಯುತ್ತದೆ. ಗುಂಡುಗಳು ಬೇಗ ಸವೆಯುತ್ತವೆ. ಮೋಟಾರು ಜೋಡಿಸುವ ಮೊದಲು ಕೈಯಿಂದ ತಳ್ಳಿ ನೋಡುವುದೇ ಇದರ ಸುಲಭ ಪರೀಕ್ಷೆ.

ಬಾಲ್ ಸ್ಕ್ರೂ ಮತ್ತು ಮೋಟಾರು

ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಒಂದು ಸುತ್ತಿಗೆ 5 ಮಿ.ಮೀ. ಮುಂದೆ ಸಾಗಿಸುವ ಬಾಲ್ ಸ್ಕ್ರೂ ಜೋಡಿಸಿದರೆ, ಒಂದು ಹೆಜ್ಜೆ ಎಂದರೆ 0.025 ಮಿ.ಮೀ. ಡ್ರೈವರ್‌ನಲ್ಲಿ ಪ್ರತಿ ಹೆಜ್ಜೆಯನ್ನು ಎಂಟು ಭಾಗ ಮಾಡಿದರೆ ಸುತ್ತಿಗೆ 1600, ಮಿಲಿಮೀಟರಿಗೆ 320 ಸಂಕೇತಗಳಾಗುತ್ತವೆ. ಈ 320 ಎಂಬ ಅಂಕಿಯನ್ನೇ ನಿಯಂತ್ರಣ ತಂತ್ರಾಂಶದಲ್ಲಿ ನಮೂದಿಸಬೇಕು. ಆದರೆ ಇದು ಕಾಗದದ ಮೇಲಿನ ಸೂಕ್ಷ್ಮತೆ ಮಾತ್ರ. ಚೌಕಟ್ಟು ಬಾಗಿದರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಅಲ್ಲದೆ ಸಾಧಾರಣ ಸ್ಟೆಪ್ಪರ್ ಮೋಟಾರು ಭಾರ ಹೆಚ್ಚಾಗಿ ಹೆಜ್ಜೆ ತಪ್ಪಿದರೆ ನಿಯಂತ್ರಕಕ್ಕೆ ಅದು ತಿಳಿಯುವುದೇ ಇಲ್ಲ. ಯಂತ್ರ ತಪ್ಪು ಜಾಗದಲ್ಲೇ ಕೆತ್ತುತ್ತ ಹೋಗುತ್ತದೆ.

ವಿದ್ಯುತ್ ಜೋಡಣೆ

ನಿಯಂತ್ರಣ ಪೆಟ್ಟಿಗೆಯಲ್ಲಿ ಎರಡು ವಿಭಾಗಗಳಿರುತ್ತವೆ. ಮೋಟಾರುಗಳಿಗೆ 36 ಅಥವಾ 48 ವೋಲ್ಟ್ ನೇರ ವಿದ್ಯುತ್ ಒದಗಿಸುವುದು ಒಂದು ವಿಭಾಗ. ಸ್ಪಿಂಡಲಿಗೆ ವಿ.ಎಫ್.ಡಿ. ಮೂಲಕ ಶಕ್ತಿ ಕೊಡುವುದು ಇನ್ನೊಂದು. ವಿ.ಎಫ್.ಡಿ.ಯು 230 ವೋಲ್ಟ್ ಸಿಂಗಲ್ ಫೇಸನ್ನು ಮೂರು ಫೇಸಿಗೆ ಪರಿವರ್ತಿಸಿ, 400 ಹರ್ಟ್ಸ್‌ನಲ್ಲಿ ಸ್ಪಿಂಡಲನ್ನು ನಿಮಿಷಕ್ಕೆ 24,000 ಸುತ್ತು ತಿರುಗಿಸುತ್ತದೆ. ಈ ಕೇಬಲ್ಲಿನಿಂದ ಹೊಮ್ಮುವ ಗದ್ದಲ ಸಂಕೇತ ತಂತಿಗಳಿಗೆ ತಗುಲಿದರೆ ಯಂತ್ರ ಕಾರಣವಿಲ್ಲದೆ ನಿಲ್ಲುತ್ತದೆ. ಆದುದರಿಂದ ಸ್ಪಿಂಡಲಿಗೆ ಲೋಹದ ಹೊದಿಕೆಯುಳ್ಳ ಕೇಬಲ್ ಬಳಸಿ, ಹೊದಿಕೆಯನ್ನು ಅರ್ಥಿಂಗಿಗೆ ಜೋಡಿಸಿ, ಸಂಕೇತ ತಂತಿಗಳನ್ನು ಬೇರೆ ದಾರಿಯಲ್ಲಿ ಒಯ್ಯಬೇಕು.

ಸುರಕ್ಷತೆಯ ವಿಷಯದಲ್ಲಿ ಕೆಳಗಿನ ಅಂಶಗಳಲ್ಲಿ ರಾಜಿ ಸಲ್ಲದು.

1. ಚೌಕಟ್ಟು, ಪೆಟ್ಟಿಗೆ, ಸ್ಪಿಂಡಲ್ ಮೂರಕ್ಕೂ ಅರ್ಥಿಂಗ್ ಇರಬೇಕು. ಮುಖ್ಯ ವಿದ್ಯುತ್ ಸಂಪರ್ಕವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಮಾಡಬೇಕು.

2. ತುರ್ತು ನಿಲುಗಡೆಯ ಗುಂಡಿ ತಂತ್ರಾಂಶವನ್ನು ಮಾತ್ರ ಅವಲಂಬಿಸಿರಬಾರದು. ಅದು ಕಾಂಟ್ಯಾಕ್ಟರ್ ಮೂಲಕ ಸ್ಪಿಂಡಲ್ ಮತ್ತು ಮೋಟಾರುಗಳ ವಿದ್ಯುತ್ತನ್ನೇ ಕಡಿಯಬೇಕು. ಗುಂಡಿಯನ್ನು ಬಿಡಿಸಿದೊಡನೆ ಯಂತ್ರ ತಾನಾಗಿ ಚಾಲನೆಗೊಳ್ಳಬಾರದು.

3. ಮಿತಿ ಸ್ವಿಚ್ಚುಗಳು ಸದಾ ಸಂಪರ್ಕದಲ್ಲಿದ್ದು, ಒತ್ತಿದಾಗ ಕಡಿಯುವ ಬಗೆಯವಾಗಿರಬೇಕು. ಆಗ ತಂತಿ ತುಂಡಾದರೂ ಯಂತ್ರ ನಿಲ್ಲುತ್ತದೆ.

4. ವಿದ್ಯುತ್ ಕಡಿದಾಗ ಲಂಬ ಅಕ್ಷವು ಸ್ಪಿಂಡಲಿನ ಭಾರದಿಂದ ಕೆಳಗೆ ಜಾರಬಹುದು. ಬ್ರೇಕ್ ಅಥವಾ ಸ್ಪ್ರಿಂಗ್ ಅಗತ್ಯವೇ ಎಂದು ಪರೀಕ್ಷಿಸಬೇಕು.

5. ವಿದ್ಯುತ್ ಇರುವಾಗ ಮೋಟಾರಿನ ತಂತಿ ಕಳಚಿದರೆ ಡ್ರೈವರ್ ಸುಡಬಹುದು. ವಿ.ಎಫ್.ಡಿ.ಯಲ್ಲಂತೂ ಸ್ವಿಚ್ ಆರಿಸಿದ ಮೇಲೂ ಕೆಲಕಾಲ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

6. ಮರದ ಹುಡಿ ಪೆಟ್ಟಿಗೆಯೊಳಗೆ ಸೇರದಂತೆ ನೋಡಿಕೊಳ್ಳಬೇಕು. ಅದು ಬೆಂಕಿಗೆ ಆಹ್ವಾನ.

ಲೆಕ್ಕಪುಸ್ತಕದಲ್ಲಿ ಯಂತ್ರ

ಬಿಡಿಭಾಗಗಳ ಬಿಲ್ಲುಗಳನ್ನು ‘ರಿಪೇರಿ’ ಅಥವಾ ‘ಇತರೆ ಖರ್ಚು’ ಎಂದು ಬರೆಯುವ ರೂಢಿ ಸರಿಯಲ್ಲ. ಸ್ವಂತವಾಗಿ ನಿರ್ಮಿಸಿದ ಯಂತ್ರವೂ ಸ್ಥಿರಾಸ್ತಿಯೇ. ಲೆಕ್ಕಪತ್ರ ಮಾನಕ 10ರ ಪ್ರಕಾರ ಸಾಮಗ್ರಿ, ನೇರ ಕೂಲಿ, ಜೋಡಣೆ ಹಾಗೂ ಪರೀಕ್ಷೆಯ ವೆಚ್ಚ ಇವು ಅದರ ಮೌಲ್ಯಕ್ಕೆ ಸೇರುತ್ತವೆ. ಅಸಹಜ ನಷ್ಟ ಮತ್ತು ಆಂತರಿಕ ಲಾಭ ಸೇರುವುದಿಲ್ಲ. ಆದುದರಿಂದ ಮೊದಲ ಬಿಲ್ಲಿನಿಂದಲೇ ‘ನಿರ್ಮಾಣ ಹಂತದ ಯಂತ್ರ’ ಎಂಬ ಪ್ರತ್ಯೇಕ ಖಾತೆ ತೆರೆಯಬೇಕು.

ಬಿಲ್ಲುಗಳು ಸಂಸ್ಥೆಯ ಹೆಸರು ಹಾಗೂ ಜಿ.ಎಸ್.ಟಿ. ಸಂಖ್ಯೆಯಲ್ಲಿರಬೇಕು. ಮಾಲೀಕರ ವೈಯಕ್ತಿಕ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ತರಿಸಿದರೆ ಹೂಡುವಳಿ ತೆರಿಗೆಯ ಜಮೆ ಕೈತಪ್ಪುತ್ತದೆ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಜಮೆ ಇಲ್ಲ. ಅವರಿಗೆ ತೆರಿಗೆಯೂ ವೆಚ್ಚದ ಭಾಗವೇ. ಆಮದು ಮಾಡಿಕೊಂಡ ಭಾಗಗಳ ಮೇಲಿನ ಐ.ಜಿ.ಎಸ್.ಟಿ. ಜಮೆಗೆ ಅರ್ಹ, ಮೂಲ ಸೀಮಾಸುಂಕ ಅರ್ಹವಲ್ಲ. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಪಾವತಿಸಿದರೆ ಆ ವೆಚ್ಚವು ಆದಾಯ ತೆರಿಗೆಯ ಸವಕಳಿ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ತೆರಿಗೆ ಹೊರತುಪಡಿಸಿ ಸಾಮಗ್ರಿಗೆ 2,00,000 ರೂ., ನೌಕರರ ಕೂಲಿಗೆ 40,000 ರೂ. ಆಗಿದೆ. ಸಾಮಗ್ರಿಯಲ್ಲಿ ತಪ್ಪು ಜೋಡಣೆಯಿಂದ ಸುಟ್ಟುಹೋದ 8,000 ರೂ. ಮೌಲ್ಯದ ಡ್ರೈವರ್ ಸೇರಿದೆ. ಅದನ್ನು ನಷ್ಟವೆಂದು ಬರೆದರೆ ಯಂತ್ರದ ಮೌಲ್ಯ 2,32,000 ರೂ. ಆದಾಯ ತೆರಿಗೆಯಲ್ಲಿ ಶೇ. 15ರಂತೆ ಮೊದಲ ವರ್ಷದ ಸವಕಳಿ 34,800 ರೂ. ಆ ವರ್ಷದಲ್ಲಿ ಬಳಕೆ 180 ದಿನಕ್ಕಿಂತ ಕಡಿಮೆಯಾದರೆ 17,400 ರೂ. ಮಾತ್ರ.

ಪುಸ್ತಕದಲ್ಲಿ ಕಾಣದ ವೆಚ್ಚ

ಮಾಲೀಕರ ಸ್ವಂತ ದುಡಿಮೆಗೆ ಊಹೆಯ ಕೂಲಿಯನ್ನು ಪುಸ್ತಕದಲ್ಲಿ ಸೇರಿಸುವಂತಿಲ್ಲ. ಆದರೆ ನಿರ್ಧಾರ ಕೈಗೊಳ್ಳುವಾಗ ಅದನ್ನು ಸೇರಿಸಲೇಬೇಕು. ಮೇಲಿನ ಉದಾಹರಣೆಯಲ್ಲಿ ಮಾಲೀಕರು ದಿನಕ್ಕೆ ಎರಡು ಗಂಟೆಯಂತೆ 90 ದಿನ ದುಡಿದಿದ್ದು, ಅವರ ಸಮಯದ ಬೆಲೆ ಗಂಟೆಗೆ 300 ರೂ. ಎಂದಾದರೆ ಅದು 54,000 ರೂ. ಆಗ ಸಿದ್ಧ ಯಂತ್ರದ ಬೆಲೆಯೊಡನೆ ಹೋಲಿಸಬೇಕಾದ ಮೊತ್ತ 2,32,000 ಅಲ್ಲ. ಸುಟ್ಟ ಡ್ರೈವರ್ ಕೂಡಿಸಿ 2,94,000 ರೂ. ಇದರ ಮೇಲೆ, ಸ್ವಂತ ಯಂತ್ರಕ್ಕೆ ವಾರಂಟಿ ನೀಡುವವರಿಲ್ಲ; ಅದರ ಒಳಗುಟ್ಟು ಒಬ್ಬರಿಗೆ ಮಾತ್ರ ತಿಳಿದಿದ್ದರೆ ಅವರ ಗೈರುಹಾಜರಿಯಲ್ಲಿ ಕೆಲಸ ನಿಲ್ಲುತ್ತದೆ.

ಹಾಗೆಂದು ಸ್ವಂತ ನಿರ್ಮಾಣ ವ್ಯರ್ಥವಲ್ಲ. ತಾನೇ ಕಟ್ಟಿದವನಿಗೆ ದುರಸ್ತಿ ತಿಳಿದಿರುತ್ತದೆ. ತನ್ನ ಉತ್ಪನ್ನಕ್ಕೆ ತಕ್ಕ ಅಳತೆ ದೊರೆಯುತ್ತದೆ. ಹೊಸ ಅಕ್ಷ, ಹೊಸ ಸ್ಪಿಂಡಲ್ ಮುಂದೆ ಸೇರಿಸಬಹುದು. ಉದ್ಯಮಿಗಳು ಪಾಲಿಸಬೇಕಾದ ಸೂತ್ರ ಸರಳ: ಮುಂದೆ ಬದಲಾಯಿಸಬಹುದಾದ ನಿಯಂತ್ರಕ ಮತ್ತು ತಂತ್ರಾಂಶದಲ್ಲಿ ಉಳಿಸಿ. ಚೌಕಟ್ಟು, ಹಳಿ ಮತ್ತು ಸುರಕ್ಷತೆಯಲ್ಲಿ ಉಳಿಸಬೇಡಿ. ವೈರಿಂಗ್ ನಕ್ಷೆಯನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿ. ತಂತಿಯಷ್ಟೇ ಅಚ್ಚುಕಟ್ಟಾಗಿ ಬಿಲ್ಲುಗಳನ್ನೂ ಜೋಡಿಸಿಡಿ.